ಹಳದಿಯ ಪಕ್ಕ ಯಾವ ಬಣ್ಣ?

ಕಳೆದ ಏಪ್ರಿಲ್‌ನಲ್ಲಿ ನಮ್ಮ ಮನೆಯ ಸ್ಟೆಬಿಲೈಜರ್ ಒಳಗೆ ಒಂದು ಹಲ್ಲಿ ಹೊಕ್ಕು ಸತ್ತಿತು. ರಾಯಚೂರಿನ ಬಿಸಿಲಿಗೆ ಅದೂ ನೆರಳು ಹುಡುಕಿರಬೇಕು. ಸಾಯುವಾಗ 230 ವೋಲ್ಟನ್ನು ಹೋಗಬಾರದ ಕಡೆ ಹರಿಸಿತ್ತು. ಪಕ್ಕದ ಮನೆಯವರು ಪಂಚಾಂಗ ತೆಗೆದು ಹಲ್ಲಿ ಶಕುನ ನೋಡಲು ಕೂತರು. ನಾನು ಸ್ಟೆಬಿಲೈಜರ್ ಎತ್ತಿಕೊಂಡು ತೀನ್ ಕಂದೀಲ್ ಹತ್ತಿರದ ರಿಪೇರಿ ಅಂಗಡಿಗೆ ಹೋದೆ.

ಬೋರ್ಡಿನಲ್ಲಿ ಒಂದು ರೆಸಿಸ್ಟರ್ ಸುಟ್ಟಿತ್ತು, ಅಂದರೆ ಕರೆಂಟಿನ ಹರಿವನ್ನು ತಡೆಯುವ, ಮೈಮೇಲೆ ಬಣ್ಣದ ಪಟ್ಟೆಗಳಿರುವ ಪುಟ್ಟ ಬಿಡಿಭಾಗ. ಮೊದಲ ಪಟ್ಟೆ ಹಳದಿ. ಎರಡನೆಯದು ಕರಕಲು. ಮೂರನೆಯದು ಕಿತ್ತಳೆ, ಕೊನೆಯದು ಚಿನ್ನದ ಬಣ್ಣ. ಅಂಗಡಿಯ ಹುಡುಗ ಒಂದೇ ನೋಟ ನೋಡಿ, "ನಲವತ್ತೇಳು ಕೆ ಐತ್ರಿ ಸರ" ಎಂದು ಡಬ್ಬಿಗೆ ಕೈ ಹಾಕಿದ. ಕಾಣದ ಬಣ್ಣವನ್ನು ಅವನು ಓದಿದ್ದು ಹೇಗೆ?

ರೆಸಿಸ್ಟರ್ ಹೇಗೆ ಕೆಲಸ ಮಾಡುತ್ತದೆ ಅಂತ ಹೇಳಿ ನಿಮ್ಮ ತಲೆ ತಿನ್ನುವುದಿಲ್ಲ. ಬಣ್ಣಕ್ಕೊಂದು ಅಂಕಿ, ಅಷ್ಟೇ. ಸೊನ್ನೆಯಿಂದ ಒಂಬತ್ತರವರೆಗೆ ಕಪ್ಪು, ಕಂದು, ಕೆಂಪು, ಕಿತ್ತಳೆ, ಹಳದಿ, ಹಸಿರು, ನೀಲಿ, ನೇರಳೆ, ಬೂದು, ಬಿಳಿ. ಒಮ್ಮೆ ಗಟ್ಟಿಯಾಗಿ ಹೇಳಿ ನೋಡಿ. ನಾಲ್ಕು ಕ, ಎರಡು ಹ, ಎರಡು ನ, ಎರಡು ಬ! ಇಂಗ್ಲಿಷಿನಲ್ಲಿ ಕಪ್ಪು, ಕಂದು, ನೀಲಿ ಮೂರಕ್ಕೂ ಮೊದಲಕ್ಷರ ಒಂದೇ. ಹಸಿರಿಗೂ ಬೂದಿಗೂ ಒಂದೇ. ಅದಕ್ಕೇ ಅವರು ಏನೇನೋ ವಾಕ್ಯ ಕಟ್ಟಿ ನೆನಪಿಡುತ್ತಾರೆ. ನಾವೂ ಅದೇ ಇಂಗ್ಲಿಷ್ ವಾಕ್ಯವನ್ನು ಉರುಹೊಡೆದೆವು, ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದ ಹಾಗೆ. ಈ ಸಾಲು ಸುಮ್ನೆ ಜೋಡಿಸಿದ್ದೂ ಅಲ್ಲ. ಕತ್ತಲೆಯಲ್ಲಿ ಹೊರಟು, ಕಾಮನಬಿಲ್ಲು ದಾಟಿ, ಬೆಳಕಿಗೆ ಬಂದು ನಿಲ್ಲುತ್ತದೆ.

ನಾಲ್ಕು ಪಟ್ಟೆ ಇದ್ದರೆ ಮೊದಲೆರಡು ಅಂಕಿಗಳು, ಮೂರನೆಯದು ಎಷ್ಟು ಸೊನ್ನೆ ಅಂತ. ಹಳದಿ, ನೇರಳೆ, ಕಿತ್ತಳೆ ಅಂದರೆ 47,000 ಓಮ್ (ಓಮ್ ಅಂದರೆ ತಡೆಯ ಅಳತೆ), ಹುಡುಗ ಹೇಳಿದ 47 ಕೆ. ನಾಲ್ಕನೆಯದು ಎಷ್ಟು ಹೆಚ್ಚುಕಮ್ಮಿ ಆಗಬಹುದು ಅನ್ನುವುದಕ್ಕೆ. ಚಿನ್ನಕ್ಕೆ ಶೇ. 5, ಬೆಳ್ಳಿಗೆ ಶೇ. 10.

ಆದರೆ 47 ಯಾಕೆ? 50 ಇದ್ದರೆ ಲೆಕ್ಕ ಸುಲಭ ಅಲ್ವಾ? ಕಲಿಯುವ ಕಾಲದಲ್ಲಿ ನಾನು ಅಂಗಡಿಗೆ ಹೋಗಿ 50 ಕೆ ಕೇಳಿ ನಗೆಪಾಟಲಾಗಿದ್ದೆ. ಆ ನಗುವಿನ ಹಿಂದೆ ಎಂಥ ಚೆಂದದ ಲೆಕ್ಕ ಇತ್ತು ಅಂತ ಗೊತ್ತಾಗಿದ್ದು ಎಷ್ಟೋ ವರ್ಷಗಳ ಮೇಲೆ.

ಶೇ. 10ರ ರೆಸಿಸ್ಟರ್ ತಗೊಳ್ಳಿ. 100 ಅಂತ ಬರೆದಿದ್ದು ನಿಜಕ್ಕೂ 90ರಿಂದ 110ರ ನಡುವೆ ಎಲ್ಲಾದರೂ ಇರಬಹುದು. ಹಾಗಿದ್ದಾಗ 105ರದ್ದು ಬೇರೆ ಮಾಡಿ ಏನು ಪ್ರಯೋಜನ? ಮುಂದಿನದು 120 ಇದ್ದರೆ ಸಾಕು, ಅದರ ಕೆಳಗಿನ ಅಂಚು 108ಕ್ಕೆ ಬರುತ್ತದೆ. ಹಂಚು ಹೊದಿಸಿದ ಹಾಗೆ, ಒಂದರ ಅಂಚಿನ ಮೇಲೆ ಇನ್ನೊಂದರ ಅಂಚು. (ನಮ್ಮ ಕಡೆ ಮಾಳಿಗೆ ಮನೆಗಳೇ ಜಾಸ್ತಿ, ಇರಲಿ.) ಮೇಲೆ ಹೋದಂತೆ ಹಂಚು ಅಗಲವಾಗುತ್ತವೆ, ಏಕೆಂದರೆ ಇಲ್ಲಿ ಲೆಕ್ಕ ಕೂಡುವುದರದ್ದಲ್ಲ, ಗುಣಿಸುವುದರದ್ದು. ಸೊಪ್ಪಿನ ಕಟ್ಟಿಗೆ ಎರಡು ರೂಪಾಯಿ ಜಾಸ್ತಿ ಅಂದರೆ ಜಗಳ ಮಾಡುತ್ತೇವೆ, ಎತ್ತಿನ ಜೋಡಿಗೆ ಎರಡು ರೂಪಾಯಿ ಜಾಸ್ತಿ ಅಂದರೆ ನಗುತ್ತೇವೆ. ಅದೇ ಬುದ್ಧಿ. ಪ್ರತಿ ಹೆಜ್ಜೆಗೆ ಸುಮಾರು ಶೇ. 21 ಏರಿಸಿದರೆ ಹನ್ನೆರಡು ಹೆಜ್ಜೆಗೆ ಸರಿಯಾಗಿ ಹತ್ತರಷ್ಟಾಗುತ್ತದೆ: 10, 12, 15, 18, 22, 27, 33, 39, 47, 56, 68, 82. 39ರ ಮೇಲಂಚು 42.9, 47ರ ಕೆಳಂಚು 42.3. 47ರ ಮೇಲಂಚು 51.7. ನಾನು ಕೇಳಿದ್ದ 50 ಆ ಹಂಚಿನ ಕೆಳಗೇ ಇತ್ತು! 12 ಮತ್ತು 15ರ ನಡುವೆ, 22 ಮತ್ತು 27ರ ನಡುವೆ ಮಾತ್ರ ಸಣ್ಣ ಸಂದು ಉಳಿದಿವೆ, ಮಳೆ ಸೋರುವಷ್ಟಲ್ಲ.

ಈ ಬುದ್ಧಿಯ ಬೇರು ಬಲೂನಿನಲ್ಲಿದೆ ಅಂದರೆ ನಂಬುತ್ತೀರಾ? 1870ರ ದಶಕದಲ್ಲಿ ಫ್ರೆಂಚ್ ಸೇನೆಯ ಇಂಜಿನಿಯರ್ ಚಾರ್ಲ್ಸ್ ರೆನಾರ್, ಬಲೂನು ಕಟ್ಟುವ ಹಗ್ಗಗಳ 425 ಅಳತೆಗಳನ್ನು ಇದೇ ಗುಣಿಸುವ ಉಪಾಯದಿಂದ 17ಕ್ಕೆ ಇಳಿಸಿದ. ಹೊರಟ ಜಾಗಕ್ಕೇ ಮರಳಿ ಬಂದ 'ಲಾ ಫ್ರಾನ್ಸ್' ಎಂಬ ಹಾರುನೌಕೆಯನ್ನು 1884ರಲ್ಲಿ ಹಾರಿಸಿದವರಲ್ಲಿ ಅವನೂ ಒಬ್ಬ. ನನಗೆ ಮಾತ್ರ ಅವನ ಹಗ್ಗಗಳೇ ದೊಡ್ಡ ಸಾಧನೆ.

ಚಿನ್ನದ ಪಟ್ಟೆ ಇದ್ದರೆ, ಅಂದರೆ ಶೇ. 5ರ ಜಾತಿಗೆ, ಹಂಚು ಕಿರಿದು. ಹಾಗಾಗಿ ಹನ್ನೆರಡರ ಬದಲು 24 ಅಳತೆ. ಇಲ್ಲಿದೆ ನೋಡಿ ಮಜಾ. ಆ 24ರಲ್ಲಿ ನಾಲ್ಕರಿಂದ ಶುರುವಾಗುವುದು ಎರಡೇ, 43 ಮತ್ತು 47. ಹಳದಿಯ ಪಕ್ಕ ಕಿತ್ತಳೆ ಇಲ್ಲವೇ ನೇರಳೆ, ಬೇರೆ ಬಣ್ಣ ಬರುವಂತಿಲ್ಲ. ಹಸಿರಿನ ಪಕ್ಕ ಕಂದು ಅಥವಾ ನೀಲಿ. ನೀಲಿಯ ಪಕ್ಕ ಕೆಂಪು ಅಥವಾ ಬೂದು. ನೇರಳೆಯ ಪಕ್ಕ ಹಸಿರು ಒಂದೇ, ಬೂದಿನ ಪಕ್ಕ ಕೆಂಪು ಒಂದೇ, ಬಿಳಿಯ ಪಕ್ಕ ಕಂದು ಒಂದೇ. ಕಾವಿಗೆ ಕೆಂಪು ಕಂದಾಗಿ, ಕಿತ್ತಳೆ ಕೆಂಪಾಗಿ ಕಂಡಾಗ ಈ ಜೋಡಿಗಳೇ ದಾರಿ ತೋರಿಸುತ್ತವೆ. ಐದು ಪಟ್ಟೆಯವಕ್ಕೆ ಈ ಉಪಾಯ ನಡೆಯದು, ಅಲ್ಲಿ ಅಂಕಿಗಳೇ ಮೂರು.

ಚಿನ್ನದ ಪಟ್ಟೆಯ ಬಗ್ಗೆ ಇನ್ನೊಂದು ಮಾತು. ಅದನ್ನು ನೆಲದ ತಂತಿಯ ಕಡೆಗೇ ಇಡಬೇಕು, ಇಲ್ಲದಿದ್ದರೆ ಬೋರ್ಡು ಬಾಳಿಕೆ ಬರಲ್ಲ ಅಂತ ಒಬ್ಬರು ನನಗೆ ಗಂಭೀರವಾಗಿ ಹೇಳಿಕೊಟ್ಟಿದ್ದರು. ಇದು ಹಲ್ಲಿ ಶಕುನದ ತಮ್ಮ. ರೆಸಿಸ್ಟರಿಗೆ ತಲೆಯೂ ಇಲ್ಲ, ಬಾಲವೂ ಇಲ್ಲ, ಹೇಗೆ ಹಾಕಿದರೂ ಒಂದೇ. ಹೆಚ್ಚುಕಮ್ಮಿ ಹೇಳುವುದರ ಜೊತೆಗೆ ಆ ಪಟ್ಟೆ ಯಾವ ಕಡೆಯಿಂದ ಓದಬೇಕು ಅಂತಲೂ ಹೇಳುತ್ತದೆ, ಯಾಕೆಂದರೆ ಚಿನ್ನದ ಬಣ್ಣಕ್ಕೆ ಅಂಕಿ ಇಲ್ಲ, ಮೊದಲ ಜಾಗದಲ್ಲಿ ಅದು ಕೂರುವುದಿಲ್ಲ. ಕೆರೆದು ನೋಡಬೇಡಿ, ಬರೀ ಬಣ್ಣ. ಚಿನ್ನ ಬೇಕಿದ್ದರೆ ನಮ್ಮ ಜಿಲ್ಲೆಯಲ್ಲೇ ಹಟ್ಟಿ ಗಣಿ ಇದೆ.

ಹುಡುಗ ಹಳೆಯದನ್ನು ಕಿತ್ತು ಮೀಟರ್ ಹಿಡಿದ. ಬೋರ್ಡಿನಲ್ಲಿ ಇದ್ದಾಗಲೇ ಅಳೆದರೆ ಅಕ್ಕಪಕ್ಕದ ದಾರಿಗಳೂ ಸೇರಿ ಕಡಿಮೆ ತೋರಿಸುತ್ತದೆ, ಒಂದು ಕಾಲಾದರೂ ಎತ್ತಲೇಬೇಕು. ಮುಳ್ಳು ಅಲುಗಲಿಲ್ಲ, ಪೂರಾ ಕಡಿದುಹೋಗಿತ್ತು. ಕಾಲು ವ್ಯಾಟ್ ತಡೆಯುವ ಜೀವದ ಮೇಲೆ 230 ವೋಲ್ಟ್ ಬಿದ್ದರೆ ಒಂದು ವ್ಯಾಟ್‌ಗೂ ಜಾಸ್ತಿ ಕಾವು. ಬದುಕುವುದುಂಟೇ?

ಹೊಸದು ಹಾಕಿ ಸ್ವಿಚ್ ಒತ್ತಿದ. ರಿಲೇ ಟಕ್ ಎಂದಿತು.

"ಅದು 43 ಆಗಿದ್ದಿದ್ದರೆ?" ಎಂದು ಕೇಳಿದೆ.

ಹುಡುಗ ಡಬ್ಬಿ ಮುಚ್ಚಿದ. "ನಲವತ್ಮೂರು ಅಂಬೋದು ನಾ ಇನ್ನಾ ನೋಡೇ ಇಲ್ಲರಿ ಸರ."