ಗದ್ದೆ ಹಡ್ಲು ಬೀಳಲು ನಕ್ಸಲರೇ ಬರಬೇಕಿರಲಿಲ್ಲ

ಪ್ರಶ್ನೆ: ನಕ್ಸಲರ ಕಾಟದಿಂದಲೇ ಮಲೆನಾಡಿನ ಗದ್ದೆಗಳು ಹಡ್ಲು (ಪಾಳು) ಬಿದ್ದವು, ಹುಡುಗರು ಬೆಂಗಳೂರು ಸೇರಿದರು ಅಂತಾರೆ. ಈಗ ಎಲ್ಲರೂ ಶರಣಾಗಿದ್ದಾರಲ್ಲ, ಇನ್ನಾದರೂ ಕೃಷಿ ಚೇತರಿಸಿಕೊಳ್ಳುತ್ತಾ?

ಉತ್ತರ: 2025ರ ಜನವರಿಯಲ್ಲಿ ಮುಖ್ಯಮಂತ್ರಿಗಳ ಎದುರು ಆರು ಮಂದಿ ಶರಣಾದ ಮೇಲೆ ಈ ಪ್ರಶ್ನೆ ಕೇಳದವರೇ ಇಲ್ಲ. ಉತ್ತರಿಸಿ ಉತ್ತರಿಸಿ ಸಾಕಾಗಿದೆ. ಇದೊಂದು ಸಲ ವಿವರವಾಗಿ ಬರೆದುಬಿಡುತ್ತೇನೆ, ಮುಂದೆ ಕೇಳುವವರಿಗೆ ನೀವೇ ತೋರಿಸಿ.

ನಕ್ಸಲರು ಓಡಾಡಿದ್ದು ಎಲ್ಲಿ? ನಮ್ಮ ಶಿವಮೊಗ್ಗ ಜಿಲ್ಲೆಯಲ್ಲಿ ಆಗುಂಬೆ ಕಡೆ, ಹೊಸನಗರದ ಘಟ್ಟದಂಚು. ಆಚೆಗೆ ಶೃಂಗೇರಿ, ಕೊಪ್ಪ, ಕಳಸ. ಘಟ್ಟದ ಕೆಳಗೆ ಕಾರ್ಕಳ, ಹೆಬ್ರಿ. ಇನ್ನು ಹಡ್ಲು ಬಿದ್ದ ಗದ್ದೆ ಎಲ್ಲಿದೆ? ಸಾಗರದಲ್ಲೂ ಇದೆ, ಸೊರಬದಲ್ಲೂ ಇದೆ, ಘಟ್ಟ ಇಳಿದರೆ ಕರಾವಳಿಯ ಉದ್ದಕ್ಕೂ ಇದೆ. ಸೊರಬದವರ ಗದ್ದೆಗೆ ಯಾವ ನಕ್ಸಲ ಬಂದಿದ್ದ, ಹೇಳಿ ನೋಡೋಣ.

ಕಾಲ ನೋಡಿದರೂ ಲೆಕ್ಕ ತಾಳೆಯಾಗುವುದಿಲ್ಲ. ಕಾರ್ಕಳ ಕಡೆಯ ಈದುವಿನಲ್ಲಿ ನಕ್ಸಲರ ಎನ್‌ಕೌಂಟರ್ ಆಗಿದ್ದು 2003ರ ನವೆಂಬರಿನಲ್ಲಿ. ನಕ್ಸಲ್ ನಾಯಕ ಸಾಕೇತ್ ರಾಜನ್ ಸತ್ತಿದ್ದು 2005ರ ಫೆಬ್ರವರಿಯಲ್ಲಿ. ಅದಕ್ಕೂ ಮೊದಲೇ ಅಡಿಕೆ ಧಾರಣೆ ಕುಸಿದಿತ್ತು. ಕಾಳುಮೆಣಸೂ ಮಲಗಿತ್ತು. ವಿಯೆಟ್ನಾಂ ಕಾಫಿ ಪ್ರಪಂಚದ ಮಾರುಕಟ್ಟೆಗೆ ನುಗ್ಗಿ ನಮ್ಮ ಬೆಳೆಗಾರರ ಸೊಂಟ ಮುರಿದಿತ್ತು. ಮಗನನ್ನು ಊರು ಬಿಡಿಸಿದ್ದು ಈ ಧಾರಣೆ, ಕೋವಿ ಅಲ್ಲ.

ಆ ಹೊತ್ತಿನ ವೆನಿಲ್ಲಾ ಹುಚ್ಚು ನೆನಪಿದೆಯಾ? ಹಸಿ ಕೋಡಿಗೆ ಕೆಜಿಗೆ ಸಾವಿರಗಟ್ಟಲೆ ರೂಪಾಯಿ. ಬೆಳಗ್ಗೆ ಎದ್ದು ಒಂದೊಂದೇ ಹೂವಿಗೆ ಕಡ್ಡಿ ಹಿಡಿದು ಪರಾಗಸ್ಪರ್ಶ ಮಾಡುವುದು, ರಾತ್ರಿ ಟಾರ್ಚು, ನಾಯಿ ಕಟ್ಟಿಕೊಂಡು ತೋಟ ಕಾಯುವುದು. ಕಾಡಂಚಿನ ಒಂಟಿ ಮನೆಯವರೂ ಕಾದರು. ನಕ್ಸಲರಿಗೆ ಹೆದರಿ ತೋಟಕ್ಕೇ ಇಳಿಯುತ್ತಿರಲಿಲ್ಲ ಅನ್ನುವ ಕಥೆ ನಂಬುವವರು ಇದನ್ನೊಮ್ಮೆ ಯೋಚಿಸಬೇಕು. ಆ ಜನ ಹೆದರಿದ್ದು ವೆನಿಲ್ಲಾ ಕಳ್ಳರಿಗೆ. ಸ್ವಲ್ಪ ದಿನದಲ್ಲೇ ವೆನಿಲ್ಲಾವನ್ನು ನೂರು ರೂಪಾಯಿಗೂ ಕೇಳುವವರಿರಲಿಲ್ಲ, ಅದು ಬೇರೆ ಮಾತು.

ಇನ್ನು ಗದ್ದೆ. ನೆಟ್ಟಿಗೆ ಆಳು ಸಿಗುವುದಿಲ್ಲ, ಸಿಕ್ಕರೆ ಕೂಲಿ ಕೊಟ್ಟು ಪೂರೈಸುವುದಿಲ್ಲ. ತೆನೆ ಬಂದರೆ ಹಂದಿ, ಮಂಗ. ಮನೆ ಖರ್ಚಿಗೆ ಸೊಸೈಟಿ ಅಕ್ಕಿ ಇದ್ದೇ ಇದೆ. ಆಮೇಲೆ ಅಡಿಕೆ ಧಾರಣೆ ಏರಿತು, ಅನುಕೂಲ ಇದ್ದವರು ಗದ್ದೆಗೆ ಕಪ್ಪು (ನೀರು ಬಸಿಯುವ ಕಾಲುವೆ) ಹೊಡೆದು ಅಡಿಕೆ ಸಸಿ ನೆಟ್ಟರು. ಇಲ್ಲದವರದ್ದು ಹಡ್ಲು ಬಿತ್ತು. ಇಷ್ಟೇ. ಶರಣಾಗತಿಗೂ ಇದಕ್ಕೂ ಸಂಬಂಧವಿಲ್ಲ, ಹಾಗಾಗಿ ಅದರಿಂದ ಚೇತರಿಕೆಯೂ ಇಲ್ಲ.

ಹಾಗಾದರೆ ಏನೂ ಪೆಟ್ಟು ಬೀಳಲಿಲ್ಲವಾ? ಬಿತ್ತು. ಆದರೆ ಬಿದ್ದಿದ್ದು ತೋಟ ಇದ್ದವರ ಮೇಲಲ್ಲ, ಕಾಡನ್ನೇ ನಂಬಿದ್ದವರ ಮೇಲೆ. ಉಪ್ಪಾಗೆ ತಗೊಳ್ಳಿ, ಹುಳಿ ಸಿಪ್ಪೆಯ ಕಾಡುಹಣ್ಣು. ಹಣ್ಣಾಗುವುದೇ ಜಡಿಮಳೆಯಲ್ಲಿ. ಕಾಡಿಗೆ ಹೋಗಿ ಕೊಯ್ದು, ಬೀಜ ಬಿಡಿಸಿ, ಸಿಪ್ಪೆಯನ್ನು ಬೆಂಕಿಯ ಮೇಲೆ ಒಣಗಿಸಬೇಕು. ಭೂಮಿ ಇಲ್ಲದ ಮನೆಗೆ ಮಳೆಗಾಲದ ಕಾಸು ಅದೇ. ಪೊಲೀಸರ ನಕ್ಸಲ್ ನಿಗ್ರಹ ದಳ ಕೂಂಬಿಂಗ್ (ಕಾಡು ಜಾಲಾಡುವ ಶೋಧ) ನಡೆಸುವಾಗ ಹೊತ್ತು ಮುಳುಗುವ ವೇಳೆಗೆ ಚೀಲ ಹೊತ್ತು ಕಾಡಿನಿಂದ ಬಂದರೆ ಪ್ರಶ್ನೆ ಕೇಳದೆ ಬಿಡುತ್ತಾರಾ? ಜನ ಹೋಗುವುದನ್ನೇ ಕಡಿಮೆ ಮಾಡಿದರು.

ಅಕ್ಕಿಯದ್ದಂತೂ ಇನ್ನೂ ಕಷ್ಟ. ರಾತ್ರಿ ಬಂದೂಕು ಹಿಡಿದವರು ಬಂದು ಅಕ್ಕಿ, ಬೇಳೆ ಕೇಳಿದರೆ ಇಲ್ಲ ಅನ್ನುವ ಹಾಗಿಲ್ಲ. ಬೆಳಗ್ಗೆ ಪೊಲೀಸರು ಬಂದು ಯಾಕೆ ಕೊಟ್ಟೆ ಅಂತಾರೆ. ಅಂಗಡಿಯಲ್ಲಿ ಮಾಮೂಲಿಗಿಂತ ಜಾಸ್ತಿ ಅಕ್ಕಿ ಒಯ್ದರೂ ಅನುಮಾನ. ಇದರ ನಡುವೆ 'ನಕ್ಸಲ್ ಏರಿಯಾ' ಅನ್ನುವ ಹೆಸರು ಬೇರೆ. ಲೈನ್‌ಮನ್ ಬರದಿದ್ದರೂ ಅದೇ ನೆಪ, ಬ್ಯಾಂಕಿನವರು ಸ್ಥಳ ನೋಡಲು ಬರದಿದ್ದರೂ ಅದೇ ನೆಪ.

ಹೋರಾಟ ನಿಜವಾಗಿ ಬೇಸಾಯವನ್ನೇ ನುಂಗಿದ್ದು ನೋಡಬೇಕಾದರೆ ಛತ್ತೀಸಗಢದ ಬಸ್ತರ್ ಕಡೆ ನೋಡಬೇಕು. 2005ರಲ್ಲಿ ಸಲ್ವಾ ಜುಡುಂ, ಅಂದರೆ ಸರ್ಕಾರದ ಬೆಂಬಲವಿದ್ದ ಮಾವೋವಾದಿ ವಿರೋಧಿ ಪಡೆ, ಶುರುವಾದ ಮೇಲೆ ಅಲ್ಲಿ ಊರಿಗೆ ಊರೇ ಖಾಲಿಯಾಗಿ ಜನ ಶಿಬಿರ ಸೇರಿದರು, ಹೊಲ ಉಳುವವರಿಲ್ಲದೆ ಬಿತ್ತು. ಬೀಡಿ ಎಲೆ ಗುತ್ತಿಗೆದಾರರಿಂದ ಮಾವೋವಾದಿಗಳು ವಸೂಲಿ ಮಾಡುತ್ತಿದ್ದರು. ಇಲ್ಲಿ ಆ ಮಟ್ಟಕ್ಕೆ ಹೋಗಲೇ ಇಲ್ಲ. ಎರಡನ್ನೂ ಒಂದೇ ಬಾಯಲ್ಲಿ ಹೇಳಬೇಡಿ.

ನೀವು ಕೇಳಿಲ್ಲ, ಆದರೂ ಇದನ್ನು ಹೇಳದೆ ಬಿಡಲಾರೆ. ಇಲ್ಲಿ ಚಳವಳಿಗೆ ನೆಲ ಸಿಕ್ಕಿದ್ದೇ ಒಕ್ಕಲೆಬ್ಬಿಸುವ ಭಯದಿಂದ. 2001ರಲ್ಲಿ ಕುದುರೆಮುಖ ರಾಷ್ಟ್ರೀಯ ಉದ್ಯಾನದ ಅಂತಿಮ ಅಧಿಸೂಚನೆ ಬಂತು. ನಾಳೆ ಎಬ್ಬಿಸುತ್ತಾರೋ ಏನೋ ಅನ್ನುವ ಜಾಗಕ್ಕೆ ಯಾರು ಅಡಿಕೆ ಸಸಿ ಹಾಕುತ್ತಾರೆ? ಹಕ್ಕುಪತ್ರ ಇಲ್ಲದಿದ್ದರೆ ಬೆಳೆ ಸಾಲವಿಲ್ಲ. ಉದ್ಯಾನದೊಳಗಿನ ಕುಟುಂಬಗಳ ಕೃಷಿಯನ್ನು ಕಟ್ಟಿಹಾಕಿದ್ದು ಇದು, ಇವತ್ತಿಗೂ ಹಾಗೇ ಇದೆ.

ಹಕ್ಕುಪತ್ರಕ್ಕೆ 2006ರ ಅರಣ್ಯ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಿದ ಪರಿಶಿಷ್ಟ ಪಂಗಡದವರಲ್ಲದವರು 2005ರ ಡಿಸೆಂಬರ್ 13ಕ್ಕೆ ಹಿಂದಿನ 75 ವರ್ಷದ ವಾಸ ತೋರಿಸಬೇಕು. ಅಷ್ಟು ಹಳೆಯ ಕಾಗದ ಯಾರ ಹತ್ತಿರ ಇರುತ್ತೆ? ಆದರೆ ಕಾಗದವೇ ಬೇಕು ಅಂತ ನಿಯಮದಲ್ಲಿ ಇಲ್ಲ. ಅರ್ಜಿದಾರರಲ್ಲದ ಊರಿನ ಹಿರಿಯರ ಹೇಳಿಕೆ ಬರೆಸಿಕೊಟ್ಟರೆ ಅದೂ ಸಾಕ್ಷಿ. ಹಳೆ ಬಾವಿ, ಸಮಾಧಿ, ಮನೆಯ ಅಡಿಪಾಯದ ಗುರುತೂ ಸಾಕ್ಷಿಯೇ. ಒಂದು ಸಾಲದು, ಎರಡಾದರೂ ಕೊಡಿ. ಮೇಜಿನ ಹಿಂದೆ ಕೂತವರು ಆಗಲ್ಲ ಅಂದರೆ, ಯಾವ ಕಾರಣಕ್ಕೆ ಆಗಲ್ಲ ಅನ್ನುವುದನ್ನು ಬರವಣಿಗೆಯಲ್ಲಿ ಕೇಳಿ.