ಜೆಟ್ ವಿಮಾನವನ್ನು ಚಿಕ್ಕದು ಮಾಡುವುದು ಏಕೆ ಇಷ್ಟು ಕಷ್ಟ?

ಮುನ್ನೂರು ಜನರನ್ನು ಹೊತ್ತು ಸಾಗರ ದಾಟುವ ವಿಮಾನವನ್ನೇ ಕಟ್ಟಿರುವಾಗ, ಐದಾರು ಜನ ಕೂರುವ ಪುಟ್ಟ ಜೆಟ್ ಕಟ್ಟುವುದೇನು ಮಹಾ ಎಂದು ಬಹಳ ಜನ ಕೇಳುತ್ತಾರೆ. ಗಾತ್ರ ಇಳಿದರೆ ಕಷ್ಟವೂ ಖರ್ಚೂ ಇಳಿಯಬೇಕು ಎಂಬುದು ಅವರ ಲೆಕ್ಕ. ಆ ಲೆಕ್ಕವೇ ತಪ್ಪು. ಅದನ್ನು ನಂಬಿ ಹಣ ಹೂಡಿದವರು ಕೈ ಸುಟ್ಟುಕೊಂಡಿದ್ದಾರೆ. ಆಡಮ್ ಎ700 ತಯಾರಿಸುತ್ತಿದ್ದ ಕಂಪನಿ 2008ರಲ್ಲಿ ದಿವಾಳಿಯಾಯಿತು. ಪೈಪರ್ ತನ್ನ ಆಲ್ಟೇರ್ ಜೆಟ್ಟನ್ನು 2011ರಲ್ಲಿ ಕೈಬಿಟ್ಟಿತು. ಡೈಮಂಡ್ ಕಂಪನಿಯ ಡಿ-ಜೆಟ್ ಯೋಜನೆ ಹಾರಾಟ ಪರೀಕ್ಷೆಯ ಹಂತ ತಲುಪಿಯೂ 2013ರಲ್ಲಿ ನಿಂತುಹೋಯಿತು.

ವಿಮಾನ ಚಿಕ್ಕದಾಯಿತೆಂದು ಗಾಳಿಯ ಅಣು ಚಿಕ್ಕದಾಗುವುದಿಲ್ಲ, ಮೋಡದ ಹನಿಯೂ ಅಷ್ಟೇ, ಪ್ರಯಾಣಿಕರ ದೇಹವೂ ಅಷ್ಟೇ. ಇದರ ಪೆಟ್ಟು ಮೊದಲು ಬೀಳುವುದು ಎಂಜಿನ್ನಿಗೆ.

ಜೆಟ್ ಎಂಜಿನ್ನಿನ ಕಂಪ್ರೆಸರ್‌ನಲ್ಲಿ, ಅಂದರೆ ಒಳಬಂದ ಗಾಳಿಯನ್ನು ಒತ್ತಿ ಹಿಂದಕ್ಕೆ ಕಳಿಸುವ ಭಾಗದಲ್ಲಿ, ತಿರುಗುವ ಬ್ಲೇಡುಗಳಿರುತ್ತವೆ, ಅವುಗಳ ಸುತ್ತ ನಿಶ್ಚಲವಾದ ಕವಚ. ಬ್ಲೇಡಿನ ತುದಿ ಕವಚಕ್ಕೆ ತಾಗಬಾರದು, ಹಾಗಾಗಿ ನಡುವೆ ಕೂದಲೆಳೆಯಷ್ಟು ಸಂದು ಬಿಡಲೇಬೇಕು. ಒತ್ತಡಕ್ಕೆ ಸಿಕ್ಕ ಗಾಳಿ ಆ ಸಂದಿನಿಂದಲೇ ಬಂದ ದಾರಿಗೆ ವಾಪಸು ನುಸುಳುತ್ತದೆ, ವಾಷರ್ ಸವೆದ ಸೈಕಲ್ ಪಂಪಿನಲ್ಲಿ ಎಷ್ಟು ಒತ್ತಿದರೂ ಗಾಳಿ ಸೋರುವ ಹಾಗೆ. ಬ್ಲೇಡಿನ ಎತ್ತರ 100 ಮಿಲಿಮೀಟರ್, ಸಂದು ಅರ್ಧ ಮಿಲಿಮೀಟರ್ ಎಂದುಕೊಳ್ಳಿ. ಸೋರುವ ದಾರಿ ಬ್ಲೇಡಿನ ಎತ್ತರದ ಶೇ. 0.5 ಮಾತ್ರ. ಈಗ ಬ್ಲೇಡನ್ನು 10 ಮಿಲಿಮೀಟರಿಗೆ ಇಳಿಸಿ. ಸಂದನ್ನೂ ಅದೇ ಪ್ರಮಾಣದಲ್ಲಿ ಇಳಿಸಬೇಕೆಂದರೆ 0.05 ಮಿಲಿಮೀಟರಿಗೆ ತರಬೇಕು. ಅದು ಸಾಧ್ಯವಾಗುವುದಿಲ್ಲ. ಬೇರಿಂಗಿನ ಸಡಿಲ, ಯಂತ್ರಗಳ ಕತ್ತರಿಕೆಯ ನಿಖರತೆ, ನೆಲಕ್ಕಿಳಿಯುವಾಗಿನ ಕುಲುಕಾಟ ಇವೆಲ್ಲ ಸೇರಿ ಸಂದನ್ನು ಸುಮಾರು 0.2 ಮಿಲಿಮೀಟರಿಗೇ ನಿಲ್ಲಿಸಿದರೆ, ಸೋರಿಕೆಯ ದಾರಿ ಶೇ. 2ಕ್ಕೆ ಏರಿತು. ಅಂದರೆ ನಾಲ್ಕು ಪಟ್ಟು.

ಆ ಸಂದೂ ಒಂದೇ ಅಳತೆಯಲ್ಲಿ ಇರುವುದಿಲ್ಲ. ಕವಚ ತೆಳುವಾದದ್ದು, ಬೇಗ ಕಾಯುತ್ತದೆ, ಬೇಗ ತಣಿಯುತ್ತದೆ. ಬ್ಲೇಡುಗಳನ್ನು ಹಿಡಿದಿರುವ ಡಿಸ್ಕ್ ದಪ್ಪನೆಯದು, ನಿಧಾನವಾಗಿ ಕಾದು ನಿಧಾನವಾಗಿ ತಣಿಯುತ್ತದೆ. ಪೈಲಟ್ ಒಮ್ಮೆಲೇ ಶಕ್ತಿ ಇಳಿಸಿದರೆ ಕವಚ ಮೊದಲು ಕುಗ್ಗುತ್ತದೆ, ಬಿಸಿಯಾಗಿಯೇ ಉಳಿದ ಡಿಸ್ಕ್ ಇನ್ನೂ ಹಿಗ್ಗಿರುತ್ತದೆ. ಆ ಹೊತ್ತಿನಲ್ಲೇ ಮತ್ತೆ ಶಕ್ತಿ ಏರಿಸಿದರೆ ವೇಗಕ್ಕೆ ಬ್ಲೇಡುಗಳು ಇನ್ನಷ್ಟು ಹೊರಚಾಚಿ ಕವಚವನ್ನು ಉಜ್ಜುತ್ತವೆ. ಒಮ್ಮೆ ಉಜ್ಜಿ ಸವೆದ ಮೇಲೆ ಸಂದು ಶಾಶ್ವತವಾಗಿ ದೊಡ್ಡದಾಗುತ್ತದೆ, ಇಂಧನದ ಖರ್ಚು ಏರುತ್ತದೆ, ಉರಿದ ಅನಿಲದ ಬಲದಿಂದ ಕಂಪ್ರೆಸರನ್ನು ತಿರುಗಿಸುವ ಟರ್ಬೈನಿನ ಬಿಸಿಯೂ ಏರುತ್ತದೆ. ಪುಟ್ಟ ಎಂಜಿನ್ನುಗಳಲ್ಲಿ ಕಂಪ್ರೆಸರ್‌ನ ಕೊನೆಯ ಹಂತಕ್ಕೆ ಸಾಲು ಬ್ಲೇಡುಗಳ ಬದಲು ಗಾಳಿಯನ್ನು ಹೊರಕ್ಕೆ ಚಿಮ್ಮಿಸುವ ಒಂದೇ ಚಕ್ರವನ್ನು ಕೂರಿಸುವುದಕ್ಕೆ ದೊಡ್ಡ ಕಾರಣ ಇದೇ.

"1963ರಲ್ಲೇ ಅಮೆರಿಕದ ಉದ್ಯಮಿ ಬಿಲ್ ಲಿಯರ್ ಪುಟ್ಟ ಜೆಟ್ ಮಾಡಿ ತೋರಿಸಲಿಲ್ಲವೇ?" ಎಂಬ ಪ್ರಶ್ನೆ ಇಲ್ಲಿ ತಪ್ಪದೆ ಬರುತ್ತದೆ. ಹೌದು, ಲಿಯರ್‌ಜೆಟ್ 23 ಆ ವರ್ಷದ ಅಕ್ಟೋಬರ್ 7ರಂದು ಮೊದಲು ಹಾರಿತು. 1964ರ ಜೂನ್‌ನಲ್ಲಿ ಮೊದಲ ಮಾದರಿ ಪರೀಕ್ಷೆಯ ವೇಳೆ ಬಿದ್ದು ನಾಶವಾದರೂ ಜುಲೈ ಕೊನೆಗೆ ಹಾರಾಟಕ್ಕೆ ಯೋಗ್ಯವೆಂಬ ಸರ್ಕಾರಿ ಪ್ರಮಾಣಪತ್ರ ಕೈಗೆ ಬಂತು. ಅದರ ಎಂಜಿನ್ ಮಾತ್ರ ಜನರಲ್ ಎಲೆಕ್ಟ್ರಿಕ್‌ನ ಸಿಜೆ610, ಸೇನೆಯ ಹಣದಲ್ಲಿ ಬೆಳೆದ ಜೆ85ರ ನಾಗರಿಕ ರೂಪ. ಅತಿ ಕಷ್ಟದ ಕೆಲಸವನ್ನು ಬೇರೆಯವರು ಮುಗಿಸಿಟ್ಟಿದ್ದರು. ಅದು ಎಷ್ಟು ದೊಡ್ಡ ಅನುಕೂಲ ಎಂಬುದು ಎಕ್ಲಿಪ್ಸ್ 500ರ ಕಥೆಯಿಂದ ಗೊತ್ತಾಗುತ್ತದೆ.

1998ರಲ್ಲಿ ಹುಟ್ಟಿದ ಎಕ್ಲಿಪ್ಸ್ ಕಂಪನಿ ಹೊಸ ವಿಮಾನವನ್ನೂ ಹೊಸ ಎಂಜಿನ್ನನ್ನೂ ಒಟ್ಟಿಗೆ ಕೈಗೆತ್ತಿಕೊಂಡಿತು. ವಿಲಿಯಮ್ಸ್‌ನ ಇಜೆ22 ಎಂಬ ಆ ಎಂಜಿನ್ 770 ಪೌಂಡ್ ನೂಕುಬಲ ಕೊಡಬೇಕಿತ್ತು, ತೂಕ 40 ಕಿಲೋ ಆಸುಪಾಸು. 2002ರ ಆಗಸ್ಟ್‌ನಲ್ಲಿ ವಿಮಾನ ಹಾರಿತು, ನವೆಂಬರ್‌ನಲ್ಲಿ ಕಂಪನಿ ಆ ಎಂಜಿನ್ನನ್ನೇ ಬಿಟ್ಟಿತು. ಬದಲಿಗೆ ಬಂದದ್ದು ಪ್ರ್ಯಾಟ್ ಅಂಡ್ ವಿಟ್ನಿ ಕೆನಡಾದ 900 ಪೌಂಡಿನ ಪಿಡಬ್ಲ್ಯು610ಎಫ್. ಅದರೊಂದಿಗೆ ಮೊದಲ ಹಾರಾಟ 2004ರ ಕೊನೆಗೆ. ಎರಡು ವರ್ಷ ಏಕೆ ಬೇಕಾಯಿತು? ಎಂಜಿನ್ ಇರುವುದು ಬಾಲದ ಬಳಿ. ಅದು ಭಾರವಾದರೆ ಇಡೀ ವಿಮಾನದ ಗುರುತ್ವಕೇಂದ್ರ ಹಿಂದಕ್ಕೆ ಸರಿಯುತ್ತದೆ, ಅದನ್ನು ಸರಿದೂಗಿಸಬೇಕು. ಹೆಚ್ಚು ಇಂಧನ ಕುಡಿದರೆ ದೊಡ್ಡ ಟ್ಯಾಂಕು ಬೇಕು, ತುಂಬಿದ ಟ್ಯಾಂಕನ್ನು ಎತ್ತಲು ಗಟ್ಟಿ ರೆಕ್ಕೆ, ಅದನ್ನು ನಿಲ್ಲಿಸಲು ಗಟ್ಟಿ ಬ್ರೇಕು ಮತ್ತು ಗಾಲಿ. ಒಂದು ಕಿಲೋ ಎಲ್ಲೋ ಸೇರಿದರೆ ಅದರ ಬೆನ್ನಿಗೆ ಇನ್ನೂ ಕೆಲವು ಕಿಲೋ ಬಂದೇ ಬರುತ್ತವೆ. ದೊಡ್ಡ ವಿಮಾನದಲ್ಲಿ ನೂರು ಕಿಲೋ ಹೆಚ್ಚಾದರೆ ಅಡಗಿಸಲು ಜಾಗವಿದೆ, ಇಲ್ಲಿ ನೂರು ಕಿಲೋ ಎಂದರೆ ಒಂದು ಸೀಟು ಹೋಯಿತು ಎಂದೇ ಅರ್ಥ.

ಎಂಜಿನ್ ದೊಡ್ಡದಾದ ಮಾತ್ರಕ್ಕೆ ಈ ಕಾಟ ತಪ್ಪುವುದಿಲ್ಲ. ದಸ್ಸೋ ಕಂಪನಿ ಫಾಲ್ಕನ್ 5ಎಕ್ಸ್ ಎಂಬ ದೊಡ್ಡ ಬಿಸಿನೆಸ್ ಜೆಟ್ಟನ್ನು 2013ರಲ್ಲಿ ಘೋಷಿಸಿತ್ತು. ಅದರ ಸಿಲ್ವರ್‌ಕ್ರೆಸ್ಟ್ ಎಂಜಿನ್ನಿನ ಅಧಿಕ ಒತ್ತಡದ ಕಂಪ್ರೆಸರ್ ಕೈಕೊಟ್ಟದ್ದರಿಂದ 2017ರ ಡಿಸೆಂಬರಿನಲ್ಲಿ ಇಡೀ ಯೋಜನೆ ರದ್ದಾಯಿತು. ಬೇರೆ ಎಂಜಿನ್ ಹೊತ್ತ ಫಾಲ್ಕನ್ 6ಎಕ್ಸ್‌ಗೆ ಪ್ರಮಾಣಪತ್ರ ಸಿಕ್ಕಿದ್ದು 2023ರಲ್ಲಿ.

ಇನ್ನು ಹಿಮ. ದಪ್ಪ ರೆಕ್ಕೆಗಿಂತ ತೆಳು ರೆಕ್ಕೆಯ ಮುಂಚೂಣಿಗೆ ಮಂಜು ಬೇಗ ಕಟ್ಟುತ್ತದೆ ಎಂದರೆ ನಂಬುವುದು ಕಷ್ಟ, ಆದರೆ ಅದೇ ನಿಜ. ದಪ್ಪ ಅಂಚಿನ ಮುಂದೆ ಗಾಳಿ ಬಹಳ ದೂರದಿಂದಲೇ ಪಕ್ಕಕ್ಕೆ ಸರಿಯುತ್ತದೆ, ಹಗುರ ಹನಿಗಳೂ ಅದರ ಜೊತೆ ಸರಿದುಹೋಗುತ್ತವೆ. ತೆಳು ಅಂಚಿನ ಮುಂದೆ ಗಾಳಿ ಕೊನೇ ಕ್ಷಣದಲ್ಲಿ ತಿರುಗುತ್ತದೆ, ಹನಿಗೆ ತಿರುಗಲು ಪುರುಸೊತ್ತಿಲ್ಲ, ನೇರ ಬಂದು ಬಡಿದು ಹೆಪ್ಪುಗಟ್ಟುತ್ತದೆ. ದೊಡ್ಡ ಜೆಟ್ಟುಗಳು ಎಂಜಿನ್ನಿನ ಬಿಸಿಗಾಳಿಯನ್ನು ರೆಕ್ಕೆಗೆ ಹರಿಸಿ ಇದನ್ನು ತಡೆಯುತ್ತವೆ. ಪುಟ್ಟ ಎಂಜಿನ್ನಿನಲ್ಲಿ ಅಷ್ಟು ಗಾಳಿ ಕದಿಯಲು ಇರುವುದಿಲ್ಲ. ಅದಕ್ಕೇ ಎಕ್ಲಿಪ್ಸ್, ಫೀನಮ್ 100 ಮುಂತಾದವು ಗಾಳಿ ತುಂಬಿ ಉಬ್ಬಿಸುವ ರಬ್ಬರ್ ಪಟ್ಟಿಗಳಿಂದ ಹಿಮವನ್ನು ಒಡೆದು ಉದುರಿಸುತ್ತವೆ.

ಕ್ಯಾಬಿನ್ನಿನ ಒತ್ತಡದ ಮಾತು ಚುಟುಕಾಗಿ ಹೇಳಬಹುದು. 41,000 ಅಡಿಯಲ್ಲಿ ಒಳಗೆ 8,000 ಅಡಿ ಎತ್ತರದ ಗಾಳಿ ಬೇಕೆಂದರೆ ಪ್ರತಿ ಚದರ ಮೀಟರಿಗೆ ಸುಮಾರು 5.8 ಟನ್ ಒತ್ತಡ ಹೊರಕ್ಕೆ ತಳ್ಳುತ್ತಿರುತ್ತದೆ. ವಿಮಾನ ಎಷ್ಟೇ ಪುಟ್ಟದಿರಲಿ, ಬಾಗಿಲು ಮನುಷ್ಯ ನುಗ್ಗುವಷ್ಟು ದೊಡ್ಡದಿರಲೇಬೇಕು. ಬಾಗಿಲಿನ ಸುತ್ತಣ ಬಲವರ್ಧನೆಯ ತೂಕ ಗಾತ್ರದ ಜೊತೆ ಇಳಿಯುವುದಿಲ್ಲ.

ಇನ್ನು ಎಂಜಿನ್ನನ್ನು ನಿಯಂತ್ರಿಸುವ ಸಾಫ್ಟ್‌ವೇರು. ಅದರ ತಪ್ಪು ಎಷ್ಟು ಸೂಕ್ಷ್ಮವಾಗಿರಬಹುದು ಎಂಬುದಕ್ಕೆ 2008ರ ಜೂನ್ 5ರ ಘಟನೆ ನೋಡಿ. ಷಿಕಾಗೋದ ಮಿಡ್‌ವೇ ನಿಲ್ದಾಣದಲ್ಲಿ ಇಳಿಯುತ್ತಿದ್ದ ಎಕ್ಲಿಪ್ಸ್‌ನ ಪೈಲಟ್ ಗಾಳಿಯ ಹೊಡೆತ ಸಂಭಾಳಿಸಲು ಎಂಜಿನ್ನಿನ ಶಕ್ತಿ ಏರಿಸಿ ಇಳಿಸುವ ಹಿಡಿಗಳಾದ ಥ್ರಾಟಲ್‌ಗಳನ್ನು ಬಲವಾಗಿ ಮುಂದಕ್ಕೆ ಒತ್ತಿದರು. ಸಾಫ್ಟ್‌ವೇರು ನಿರೀಕ್ಷಿಸಿದ್ದ ಮಿತಿಯನ್ನು ಸಂಕೇತ ತುಸು ದಾಟಿತು. ಕಂಪ್ಯೂಟರ್ ಅದನ್ನು ದೋಷವೆಂದು ತಿಳಿದು ಥ್ರಾಟಲ್‌ನ ಮಾತು ಕೇಳುವುದನ್ನೇ ಬಿಟ್ಟಿತು. ಎರಡೂ ಎಂಜಿನ್ ಗರಿಷ್ಠ ಶಕ್ತಿಯಲ್ಲೇ ಸಿಕ್ಕಿಕೊಂಡವು. ಒಂದನ್ನು ಆರಿಸಿದರೆ ಇನ್ನೊಂದು ಐಡಲ್‌ಗೆ, ಅಂದರೆ ಕನಿಷ್ಠ ಶಕ್ತಿಗೆ ಇಳಿದು ಅಲ್ಲೇ ಉಳಿಯಿತು. ಟೈರುಗಳು ಸಿಡಿದರೂ ಒಳಗಿದ್ದ ನಾಲ್ವರೂ ಬದುಕಿ ಉಳಿದರು. ಎರಡು ಎಂಜಿನ್ ಇಡುವುದು ಒಂದು ಕೆಟ್ಟರೆ ಇನ್ನೊಂದಿರಲಿ ಎಂದು. ಒಂದೇ ತಪ್ಪು ತರ್ಕ ಎರಡರಲ್ಲೂ ಕೂತಿದ್ದರೆ ಆ ರಕ್ಷಣೆಗೆ ಅರ್ಥವಿಲ್ಲ.

ಬೆಲೆಯ ಕನಸೂ ಇಷ್ಟೇ ನಾಜೂಕಿನದು. ಉತ್ಪಾದನೆ ಎರಡು ಪಟ್ಟಾದಾಗಲೆಲ್ಲ ಒಂದು ವಿಮಾನಕ್ಕೆ ಬೇಕಾದ ದುಡಿಮೆ ಸುಮಾರು ಶೇ. 20ರಷ್ಟು ಇಳಿಯುತ್ತದೆ ಎಂದು ಅಮೆರಿಕದ ವಿಮಾನ ಎಂಜಿನಿಯರ್ ಟಿ. ಪಿ. ರೈಟ್ 1936ರಲ್ಲೇ ತೋರಿಸಿದ್ದರು. ಆ ಪ್ರಕಾರ ಸಾವಿರನೇ ವಿಮಾನಕ್ಕೆ ನೂರನೆಯದರ ಅರ್ಧಕ್ಕಿಂತ ಕಡಿಮೆ ದುಡಿಮೆ ಸಾಕು. ಎಕ್ಲಿಪ್ಸ್ ಆರಂಭದಲ್ಲಿ ಹೇಳಿದ 8,37,500 ಡಾಲರ್ ಬೆಲೆ ನಿಂತದ್ದು ಸಾವಿರಗಟ್ಟಲೆ ವಿಮಾನ ಮಾರುವ ನಂಬಿಕೆಯ ಮೇಲೆ. 2008ರ ನವೆಂಬರಿನಲ್ಲಿ ದಿವಾಳಿ ಅರ್ಜಿ ಹಾಕುವ ಹೊತ್ತಿಗೆ ಸುಮಾರು 260 ವಿಮಾನಗಳಷ್ಟೇ ಹೊರಬಂದಿದ್ದವು. ಅಲ್ಲದೆ ಕೊಂಡು ತರುವ ಎಂಜಿನ್ ಮತ್ತು ಉಪಕರಣಗಳ ಬೆಲೆ ಜೋಡಿಸುವವರ ಕೈ ಪಳಗಿದ ಮಾತ್ರಕ್ಕೆ ಇಳಿಯುವುದಿಲ್ಲ.

ಸಿರಸ್ ವಿಷನ್ ಜೆಟ್ ಗೆದ್ದದ್ದು ಆಸೆಯನ್ನು ಕಡಿಮೆ ಮಾಡಿಕೊಂಡು. ಒಂದೇ ಎಂಜಿನ್, ಅದೂ ಆಗಲೇ ಪಳಗಿದ್ದ ವಿಲಿಯಮ್ಸ್ ಎಫ್‌ಜೆ33ರ ಒಂದು ರೂಪ. ಎತ್ತರದ ಮಿತಿ 28,000 ಅಡಿ, ಅಂದರೆ ಕ್ಯಾಬಿನ್ ಮೇಲಿನ ಒತ್ತಡವೂ ಕಡಿಮೆ. ವೇಗದಲ್ಲಿ ಬೇರೆ ಜೆಟ್ಟುಗಳಿಗಿಂತ ಹಿಂದೆ. ಇರುವ ಒಂದು ಎಂಜಿನ್ ನಿಂತರೆ ಇಡೀ ವಿಮಾನವನ್ನು ಇಳಿಸುವ ಪ್ಯಾರಾಚೂಟ್. ಇಷ್ಟೆಲ್ಲ ಬಿಟ್ಟುಕೊಟ್ಟರೂ 2008ರ ಜುಲೈನಲ್ಲಿ ಮೊದಲು ಹಾರಿದ ಅದಕ್ಕೆ ಪ್ರಮಾಣಪತ್ರ ಸಿಗಲು 2016ರ ಅಕ್ಟೋಬರ್ ಬರಬೇಕಾಯಿತು. ನಡುವೆ ಹಣ ಬತ್ತಿ, 2011ರಲ್ಲಿ ಚೀನಾದ ಕಂಪನಿಯೊಂದು ಸಿರಸ್ಸನ್ನು ಕೊಂಡ ಮೇಲೆಯೇ ಕೆಲಸ ಮತ್ತೆ ಚುರುಕಾದದ್ದು. 31,000 ಅಡಿಗೆ ಏರುವ ಅನುಮತಿ ಬಂದದ್ದು 2019ರ ಎರಡನೇ ತಲೆಮಾರಿನ ಮಾದರಿಗೆ.