ಗರಡಿಯ ಹೊಟ್ಟೆ, ಮೊಬೈಲಿನ ಹೊಟ್ಟೆ

ಮೈಸೂರಲ್ಲಿ ನಮ್ಮ ಬೀದಿ ಕೊನೆಯ ಗರಡಿಗೆ ಬೆಳಗ್ಗೆ ಐದೂವರೆಗೆ ಹೋಗಿ ನೋಡಿ. ಅರವತ್ತು ದಾಟಿದ ಉಸ್ತಾದರು ಬರೀ ಲಂಗೋಟಿಯಲ್ಲಿ ಕೆಂಪು ಮಣ್ಣು ಸಡಿಲ ಮಾಡುತ್ತಿರುತ್ತಾರೆ. ಹೊಟ್ಟೆ ಉಡಿದಾರದ ಮೇಲೆ ಮಡಚಿ ಬಿದ್ದಿರುತ್ತದೆ. ಉಸಿರು ಹಿಡಿದು ಅದನ್ನು ಒಳಗೆಳೆದುಕೊಳ್ಳುವ ಯೋಚನೆಯೇ ಇಲ್ಲ. ನಾನೋ, ಈಜುಕೊಳದಲ್ಲಿ ಟವೆಲ್ ಹಲ್ಲಲ್ಲಿ ಕಚ್ಚಿಕೊಂಡೇ ಚಡ್ಡಿ ಬದಲಿಸುವವನು!

ಬಟ್ಟೆಯಿಲ್ಲದೆ ಜನ ಒಟ್ಟಿಗೆ ಸೇರುವ ನೇಚರಿಸಂ ಬಗ್ಗೆ ಹೇಳಿದರೆ ನಮ್ಮವರು ಮುಸಿಮುಸಿ ನಗುತ್ತಾರೆ. ಫಾರಿನ್ ಹುಚ್ಚು ಅಂತ. ಇಂಥ ಕೂಟಗಳಲ್ಲಿ ತೀರಾ ಹಳೆಯದೊಂದು ಹುಟ್ಟಿದ್ದು ಮುಂಬಯಿ ಹತ್ತಿರದ ಠಾಣೆಯಲ್ಲಿ, 1891ರಲ್ಲಿ. ಕಟ್ಟಿದವರು ಚಾರ್ಲ್ಸ್ ಕ್ರಾಫರ್ಡ್ ಎಂಬ ಬ್ರಿಟಿಷ್ ಜಡ್ಜ್. ಸದಸ್ಯರು ಮೂರೇ ಜನ. ಅಷ್ಟಕ್ಕೂ ಗೊಮ್ಮಟಗಿರಿಯ ಬಾಹುಬಲಿ ಮುಂದೆ ನಿಂತಾಗ ನಮಗೆ ನಗು ಬರುತ್ತದಾ?

ಲಂಡನ್ನಿನ ಮನೋವಿಜ್ಞಾನಿ ಕಿಯಾನ್ ವೆಸ್ಟ್ 849 ಜನರನ್ನು ವಿಚಾರಿಸಿದರು. ಇಂಥ ಕೂಟಗಳಿಗೆ ಜಾಸ್ತಿ ಹೋಗುವವರಿಗೆ ತಮ್ಮ ಮೈ ಬಗ್ಗೆ, ಬದುಕಿನ ಬಗ್ಗೆ ಸಮಾಧಾನವೂ ಜಾಸ್ತಿ ಇತ್ತು. ಮೊದಲೇ ಧೈರ್ಯ ಇದ್ದವರು ತಾನೇ ಹೋಗುವುದು, ಅಲ್ವಾ? ಅದಕ್ಕೇ ಮುಂದೆ 51 ಜನರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಬಟ್ಟೆ ಇತ್ತು, ಇನ್ನೊಂದಕ್ಕೆ ಇರಲಿಲ್ಲ. ಬಟ್ಟೆ ಕಳಚಿದವರಿಗೆ ತಮ್ಮ ಮೈ ಬಗ್ಗೆ ಮೆಚ್ಚುಗೆ ಹೆಚ್ಚಿತು. ನೋಡಿದವರು ಏನಂದುಕೊಳ್ಳುತ್ತಾರೋ ಎಂಬ ಅಳುಕು ಇಳಿದಿತ್ತು.

ನನಗೆ ಇದಕ್ಕಿಂತ ಮಜಾ ಅನ್ನಿಸುವುದು ಕಣ್ಣಿನ ಆಟ. ‘ಮಾಮೂಲಿ ಮೈ’ ಹೇಗಿರುತ್ತದೆ ಎಂಬುದಕ್ಕೆ ಮಿದುಳಿನಲ್ಲಿ ಗಟ್ಟಿ ಅಳತೆಗೋಲಿಲ್ಲ. ಕಂಡ ಮೈಗಳನ್ನೆಲ್ಲ ಬೆರೆಸಿ ಅದು ಅಳತೆ ಮಾಡಿಕೊಳ್ಳುತ್ತದೆ. ತೆಳ್ಳಗಿನವರ ಚಿತ್ರಗಳನ್ನೇ ಒಂದಷ್ಟು ಹೊತ್ತು ತೋರಿಸಿದರೆ, ಆಮೇಲೆ ಕಂಡ ಸಾಧಾರಣ ಮೈಯೂ ದಪ್ಪ ಕಾಣುತ್ತದೆ. ಪ್ರಯೋಗಗಳಲ್ಲಿ ಕಂಡ ಸಂಗತಿ ಇದು. ಮೈಸೂರು ಪಾಕ್ ತಿಂದು ಕಾಫಿ ಕುಡಿದರೆ ಸಕ್ಕರೆಯೇ ಹಾಕಿಲ್ಲ ಅನ್ನಿಸುವುದಿಲ್ಲವೇ? ಬಿಸಿಲಿಂದ ಬಂದರೆ ನಡುಮನೆ ಕತ್ತಲು. ಮಂಡ್ಯದ ಆಲೆಮನೆಯಲ್ಲಿ ದಿನವಿಡೀ ಬೆಲ್ಲ ಕಾಯಿಸುವವರಿಗೆ ಬೆಲ್ಲದ ವಾಸನೆಯೇ ಹತ್ತುವುದಿಲ್ಲ. ಮೊಬೈಲಿನ ಸಿಕ್ಸ್‌ಪ್ಯಾಕ್‌ಗಳಲ್ಲಿ ಮುಳುಗೆದ್ದ ಕಣ್ಣು ಕನ್ನಡಿ ನೋಡಿದಾಗಲೂ ಹೀಗೇ. ಗರಡಿ ಹುಡುಗರ ಕಣ್ಣು ಸುಕ್ಕು, ಗಾಯದ ಕಲೆ, ಜೋಲು ಹೊಟ್ಟೆ ಎಲ್ಲ ಕಂಡು ಹದವಾಗಿರುತ್ತದೆ.

ಆದರೆ ಗರಡಿಯಲ್ಲಿ ಹೆಂಗಸರಿಗೆ ಬಹುಕಾಲ ಜಾಗವಿರಲಿಲ್ಲ. ಈ ಅಳುಕನ್ನು ಜಾಸ್ತಿ ಹೇರಿರುವುದು ಅವರ ಮೇಲೆಯೇ. ಹಾಗಂತ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಯಾರೂ ಬಟ್ಟೆ ಕಳಚಬೇಡಿ, ಪೊಲೀಸರು ಬರುತ್ತಾರೆ.

ಮೊನ್ನೆ ಈಜುಕೊಳದಲ್ಲಿ ನನ್ನ ಟವೆಲ್ ಜಾರಿತು. ಪಕ್ಕದಲ್ಲಿದ್ದ ತಾತ, “ಸೋಪು ಇದ್ಯೇನಪ್ಪಾ?” ಅಂದರು.